ಒಂದು ಗ್ಲಾಸು ಬಿಯರಿನಲ್ಲಿ 20 ಲಕ್ಷ ಗುಳ್ಳೆ!

ಕಾಲು ಲೀಟರ್ ಬಿಯರಿನಿಂದ ಎಷ್ಟು ಗುಳ್ಳೆ ಏಳಬಹುದು? ಫ್ರಾನ್ಸಿನ ರೀಮ್ಸ್ ವಿಶ್ವವಿದ್ಯಾಲಯದ ಜೆರಾರ್ ಲಿಜೆ-ಬೆಲೇರ್ ತಂಡ 2021ರಲ್ಲಿ ಕೊಟ್ಟ ಲೆಕ್ಕ ಕೇಳಿ: 2 ಲಕ್ಷದಿಂದ ಸುಮಾರು 20 ಲಕ್ಷ! ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಎಣಿಸಿದರೂ 20 ಲಕ್ಷ ಮುಗಿಯಲು 23 ದಿನ ಬೇಕು. ಈ ಗುಳ್ಳೆಗಳ ತವರು ಗ್ಲಾಸಿನ ಒಳಮೈಯ ಹೊಂಡಗಳು. ತಣ್ಣನೆಯ ಬಿಯರಿಗೆ 1.4 ಮೈಕ್ರೋಮೀಟರ್ ತ್ರಿಜ್ಯದ ಹೊಂಡವೂ ಸಾಕು. ಅಂಥ 350 ಹೊಂಡಗಳನ್ನು ಸಾಲಾಗಿ ಒತ್ತಿಟ್ಟರೆ ಉದ್ದ ಬರೀ 1 ಮಿಲಿಮೀಟರ್! ಗ್ಲಾಸಿಗೆ ಎಣ್ಣೆಯದೋ ತುಟಿಬಣ್ಣದ್ದೋ ಪಸೆ ಹತ್ತಿದ್ದರಂತೂ ನೊರೆ ನಿಲ್ಲುವುದೇ ಇಲ್ಲ.

ಈಗ ಗ್ಲಾಸು ಬಿಟ್ಟು ಪೈಪಿಗೆ ಬನ್ನಿ. ಪಬ್ಬಿನ ನೆಲಮಾಳಿಗೆಯಿಂದ ನಲ್ಲಿಗೆ ಬರುವ ಪೈಪು ಒಳಗೆ 9.5 ಮಿಲಿಮೀಟರ್ ಅಗಲವಿದ್ದರೆ, 8 ಮೀಟರಿನಲ್ಲೇ ಒಂದು ಬ್ರಿಟಿಷ್ ಪೈಂಟು, ಅಂದರೆ 568 ಮಿಲಿಲೀಟರ್ ತುಂಬಿರುತ್ತದೆ. 30 ಮೀಟರ್ ಪೈಪಿನಲ್ಲಿ ಹೆಚ್ಚುಕಡಿಮೆ 4 ಪೈಂಟು ರಾತ್ರಿಯಿಡೀ ನಿಂತೇ ಇರುತ್ತದೆ. ಅದಕ್ಕೇ ಬ್ರಿಟನ್ನಿನ ಒಳ್ಳೆಯ ಪಬ್ಬುಗಳು 7 ದಿನಕ್ಕೊಮ್ಮೆ, ವರ್ಷಕ್ಕೆ 52 ಸಲ, ಪೈಪು ತೊಳೆಯುತ್ತವೆ. ತೊಳೆಯದ ಪಬ್ಬಿನಲ್ಲಿ ಎಷ್ಟು ದುಬಾರಿ ಬಿಯರೂ ಕೆಟ್ಟದ್ದೇ.

30 ಮೀಟರಿಗೇ ಬೆರಗಾದಿರಾ? ಜರ್ಮನಿಯ ಗೆಲ್ಸೆನ್‌ಕಿರ್ಖೆನ್‌ನ ಫುಟ್‌ಬಾಲ್ ಕ್ರೀಡಾಂಗಣದೊಳಗೆ ಬಿಯರ್ ಹರಿಯುವ ಪೈಪಿನ ಉದ್ದ 5 ಕಿಲೋಮೀಟರ್! ಅದೇ ದೇಶದ ವಾಕೆನ್ ಎಂಬ ಪುಟ್ಟ ಹಳ್ಳಿಯ ಹೆವಿ ಮೆಟಲ್ ಸಂಗೀತೋತ್ಸವಕ್ಕೆ 2017ರಲ್ಲಿ ಹೊಲದಡಿ ಹೂತದ್ದು ಸುಮಾರು 7 ಕಿಲೋಮೀಟರ್.

ಇದನ್ನೆಲ್ಲ ನುಂಗಿಹಾಕುವುದು ಮ್ಯೂನಿಕ್ಕಿನ ಬಿಯರ್ ಮೇಳ ಆಕ್ಟೋಬರ್‌ಫೆಸ್ಟ್. 2019ರಲ್ಲಿ 16 ದಿನಕ್ಕೆ 73 ಲಕ್ಷ ಲೀಟರ್! ದಿನಕ್ಕೆ 12 ಗಂಟೆ ಎಂದರೂ ಸೆಕೆಂಡಿಗೆ 10 ಲೀಟರಿಗಿಂತ ಹೆಚ್ಚು. ಈ ವಾಕ್ಯ ಓದುವಷ್ಟರಲ್ಲಿ 50 ಮಗ್ ತುಂಬಿರುತ್ತದೆ. ಅಲ್ಲಿನ ಒಂದು ಲೀಟರಿನ ದಪ್ಪಗಾಜಿನ ಮಗ್ಗು ಖಾಲಿಯಿದ್ದಾಗಲೇ ಸುಮಾರು 1.3 ಕಿಲೋ, ತುಂಬಿದರೆ 2.3. 73 ಲಕ್ಷ ತುಂಬಿದ ಮಗ್ಗುಗಳೆಂದರೆ 16,700 ಟನ್ನಿಗೂ ಹೆಚ್ಚು, ತಲಾ 5 ಟನ್ನಿನ 3,300 ಆನೆಗಳ ಭಾರ. ಅಷ್ಟನ್ನೂ ಹೊತ್ತು ತಂದದ್ದು ಮನುಷ್ಯರ ಕೈಗಳು! ಮ್ಯೂನಿಕ್ ಇರುವ ಬವೇರಿಯಾ ಪ್ರಾಂತ್ಯದವರೇ ಆದ ಆಲಿವರ್ ಸ್ಟ್ರುಂಪ್‌ಫೆಲ್ 2017ರಲ್ಲಿ ಇನ್ನೊಂದು ಮೇಳದಲ್ಲಿ ಒಂದೇ ಸಲಕ್ಕೆ ಇಂಥ 29 ಮಗ್ಗುಗಳನ್ನು ಎತ್ತಿ 40 ಮೀಟರ್ ನಡೆದರು. ಬರೋಬ್ಬರಿ 69 ಕಿಲೋ!

ಇನ್ನು ಡಬ್ಲಿನ್ನಿನ ಗಿನ್ನೆಸ್ ಬಿಯರ್. ಅದನ್ನು ಎರಡು ಹಂತದಲ್ಲಿ ಸುರಿಯಬೇಕು. ಮುಕ್ಕಾಲು ಗ್ಲಾಸಿಗೆ ನಿಲ್ಲಿಸಿ, ಗುಳ್ಳೆ ತಣಿದ ಮೇಲೆ ಮತ್ತೆ ತುಂಬಬೇಕು. ಕಂಪನಿ ಹೇಳುವ ಸಮಯ 119.5 ಸೆಕೆಂಡು. ಜಗತ್ತಿನಲ್ಲಿ ದಿನಕ್ಕೆ ಖರ್ಚಾಗುವುದು 1 ಕೋಟಿ ಗ್ಲಾಸು ಎಂಬುದೂ ಅವರದೇ ಮಾತು. ಒಬ್ಬನೇ ನಲ್ಲಿಯ ಮುಂದೆ ನಿಂತು ಎಡೆಬಿಡದೆ ಒಂದೊಂದಾಗಿ ಸುರಿದರೆ, ಒಂದು ದಿನದ ಗ್ಲಾಸುಗಳನ್ನು ತುಂಬಿಸಲು ಸುಮಾರು 38 ವರ್ಷ ಬೇಕು! ಗ್ಲಾಸಿನ ಎತ್ತರ 15 ಸೆಂಟಿಮೀಟರ್ ಎಂದುಕೊಂಡು ಒಂದರ ಮೇಲೊಂದು ಪೇರಿಸಿದರೆ ದಿನಕ್ಕೆ 1,500 ಕಿಲೋಮೀಟರ್. 27 ದಿನದ ಗ್ಲಾಸುಗಳು ಭೂಮಿಯನ್ನು ಒಂದು ಸುತ್ತು ಸುತ್ತುತ್ತವೆ. ಜನವರಿ 1ರಂದು ಪೇರಿಸಲು ಶುರುಮಾಡಿದರೆ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಗ್ಲಾಸಿನ ಗೋಪುರ ಚಂದ್ರನನ್ನು ಮುಟ್ಟುತ್ತದೆ, 3,84,400 ಕಿಲೋಮೀಟರ್!