ಗಾಡಿ ‘ಮಿಸ್ಸಿಂಗ್’ ಮಾಡಿದರೆ ಮೊದಲು ಏನು ನೋಡಬೇಕು?

‘ಗಾಡಿ ಮಿಸ್ಸಿಂಗ್ ಮಾಡ್ಲಿಕತ್ತದ’ ಎಂದು ಡ್ರೈವರ್‌ಗಳು ಹೇಳುವುದನ್ನು ನೀವೂ ಕೇಳಿರಬಹುದು. ಪೆಟ್ರೋಲ್ ಎಂಜಿನ್ನಿನ ಒಂದು ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿದ್ದಾಗ ಗಾಡಿ ನಡುಗುತ್ತದೆ, ಎಳೆಯುವ ಶಕ್ತಿ ಕಡಿಮೆಯಾಗುತ್ತದೆ, ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ. ಇದನ್ನೇ ಮಿಸ್ಸಿಂಗ್ ಎನ್ನುತ್ತಾರೆ. ಇದರ ಕಾರಣ ಹುಡುಕುವ ಕ್ರಮ ತಿಳಿಯದಿದ್ದರೆ ಒಂದು ಸಾಮಾನಿನ ಜಾಗದಲ್ಲಿ ಹತ್ತು ಸಾಮಾನಿಗೆ ಹಣ ಕೊಡಬೇಕಾಗುತ್ತದೆ.

ಕಮಲಾಪುರದಲ್ಲಿರುವ ನನ್ನ ಮಾಮು ಪೆಟ್ರೋಲ್ ಪಿಕಪ್ ಬಾಡಿಗೆಗೆ ಓಡಿಸುತ್ತಾರೆ. ಅಲ್ಲಿಯ ಕೆಂಪು ಬಾಳೆಗೆ ಜಿಐ ಮಾನ್ಯತೆ ಇರುವುದು ನಿಮಗೆ ಗೊತ್ತೇ ಇದೆ. ಆ ಬಾಳೆ ಮತ್ತು ತರಕಾರಿಯನ್ನು ಮಾಮು ಕಲಬುರಗಿಗೆ ತರುತ್ತಾರೆ. ದಾರಿ 40 ಕಿ.ಮೀ.ಗೂ ಕಡಿಮೆ. ಆದರೆ ಗಾಡಿ ನಿಂತ ದಿನ ಬಾಡಿಗೆ ಇಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಈ ಬೇಸಿಗೆಯಲ್ಲಿ ಅವರ ಗಾಡಿ ಖಾಲಿ ಇದ್ದಾಗ ಸರಿಯಾಗಿ ಓಡುತ್ತಿತ್ತು, ಲೋಡ್ ಹಾಕಿ ಅರ್ಧ ಗಂಟೆಯಾದ ಮೇಲೆ ಜರ್ಕ್ ಹೊಡೆಯುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಸೀಟು ಎತ್ತಿ ಎಂಜಿನ್ ನೋಡುವ ಮೊದಲೇ, ‘ನಾಲ್ಕೂ ಕಾಯಿಲ್, ನಾಲ್ಕೂ ಇಂಜೆಕ್ಟರ್ ಬದಲಿಸಬೇಕು’ ಎಂದರು. ಅಷ್ಟು ಹಣ ಮಾಮುವಿನ ಹತ್ತಿರ ಇರಲಿಲ್ಲ. ಹಾಗಾಗಿ ಕಲಬುರಗಿಯ ಇನ್ನೊಬ್ಬ ಹಿರಿಯ ಮಿಸ್ತ್ರಿಯ ಹತ್ತಿರ ಗಾಡಿ ತಂದರು. ಎಲ್ಲರೂ ಅವರನ್ನು ಉಸ್ತಾದ್ ಎಂದು ಕರೆಯುತ್ತಾರೆ. ಅವರು ಪರೀಕ್ಷೆ ಮಾಡಿದ ರೀತಿಯನ್ನು ನಾನು ಹತ್ತಿರ ನಿಂತು ನೋಡಿದೆ.

ಕಾಯಿಲ್ ಏನು ಮಾಡುತ್ತದೆ?

ಬ್ಯಾಟರಿ ಕೊಡುವುದು 12 ವೋಲ್ಟ್. ಸ್ಪಾರ್ಕ್ ಪ್ಲಗ್ಗಿನ ತುದಿಯ ಸಂದಿ ಒಂದು ಮಿಲಿಮೀಟರಿನ ಆಸುಪಾಸು. ಅದನ್ನು ಕಿಡಿ ದಾಟಬೇಕಾದರೆ ಸಾವಿರಾರು ವೋಲ್ಟ್ ಬೇಕು. 12 ವೋಲ್ಟನ್ನು ಅಷ್ಟು ಎತ್ತರಕ್ಕೆ ಏರಿಸುವುದೇ ಇಗ್ನಿಷನ್ ಕಾಯಿಲ್‌ನ ಕೆಲಸ. ಅದರಲ್ಲಿ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳಿವೆ. ಪ್ರೈಮರಿಯಲ್ಲಿ ದಪ್ಪ ತಂತಿಯ ಕೆಲವೇ ಸುತ್ತು, ಸೆಕೆಂಡರಿಯಲ್ಲಿ ತೆಳು ತಂತಿಯ ಸಾವಿರಾರು ಸುತ್ತು.

ಟ್ರಾನ್ಸ್‌ಫಾರ್ಮರ್ ಡಿ.ಸಿ.ಯಲ್ಲಿ ಕೆಲಸ ಮಾಡುವುದಿಲ್ಲವಲ್ಲ ಎಂದು ವಿಜ್ಞಾನ ವಿಭಾಗದವರು ಕೇಳಬಹುದು. ಸರಿಯಾದ ಪ್ರಶ್ನೆ. ಇಲ್ಲಿ ಗಾಡಿಯ ಕಂಪ್ಯೂಟರ್, ಅಂದರೆ ಇಸಿಎಂ, ಪ್ರೈಮರಿಯಲ್ಲಿ ಹರಿಯುವ ಕರೆಂಟನ್ನು ಥಟ್ಟನೆ ಕಡಿಯುತ್ತದೆ. ಕಾಂತಕ್ಷೇತ್ರ ಕ್ಷಣದಲ್ಲಿ ಕುಸಿಯುತ್ತದೆ. ಕಾಂತೀಯ ಅಭಿವಾಹ ಎಷ್ಟು ಬೇಗ ಬದಲಾಗುತ್ತದೋ ಅಷ್ಟು ಹೆಚ್ಚು ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ, ದ್ವಿತೀಯ ಪಿಯುಸಿಯಲ್ಲಿ ನಾವು ಓದುವ ಪಾಠವೂ ಇದೇ.

ಎಂಜಿನ್ ಎರಡು ಸುತ್ತು ತಿರುಗಿದರೆ ಪ್ರತಿ ಸಿಲಿಂಡರಿಗೆ ಒಂದು ಕಿಡಿ ಬೇಕು. ನಿಮಿಷಕ್ಕೆ 3000 ಸುತ್ತಿನಲ್ಲಿ ಒಂದು ಕಾಯಿಲ್ ನಿಮಿಷಕ್ಕೆ 1500 ಕಿಡಿ, ಅಂದರೆ ಸೆಕೆಂಡಿಗೆ 25 ಕಿಡಿ ಕೊಡಬೇಕು.

ಲೋಡ್ ಹಾಕಿದಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚಾಗುತ್ತದೆ. ಒತ್ತಡ ಹೆಚ್ಚಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಬಿಸಿಗೆ ಕಾಯಿಲ್ ಒಳಗಿನ ಇನ್ಸುಲೇಷನ್ ದುರ್ಬಲವಾಗಿದ್ದರೆ ವಿದ್ಯುತ್ತು ಪ್ಲಗ್ ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಹೀಗಾಗಿ ಬೆಳಗಿನ ತಂಪಿನಲ್ಲಿ ಖಾಲಿ ಗಾಡಿ ಚೆನ್ನಾಗಿ ಓಡಿ, ಮಧ್ಯಾಹ್ನದ ಬಿಸಿಲಿನಲ್ಲಿ ಲೋಡ್ ಗಾಡಿ ಸೋಲುತ್ತದೆ. ತಣ್ಣಗಿರುವ ಕಾಯಿಲ್‌ಗೆ ಮಲ್ಟಿಮೀಟರ್ ಹಿಡಿದರೆ ಈ ದೋಷ ಕಾಣದೇ ಇರಬಹುದು.

ಡೀಸೆಲ್ ಪಿಕಪ್‌ನಲ್ಲಿ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಈ ಕಾಯಿಲ್ಲೂ ಇಲ್ಲ. ಅಲ್ಲಿ ಗಾಳಿಯನ್ನು ಬಲವಾಗಿ ಒತ್ತಿದ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಈ ಲೇಖನ ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗಳಿಗೆ ಮಾತ್ರ.

ಕಾರಣ ಹುಡುಕುವ ಕ್ರಮ

ಮೊದಲು ಉಸ್ತಾದರು ಸ್ಕ್ಯಾನರ್ ಹಚ್ಚಿ ಕೋಡ್ ಓದಿದರು. ಪಿ0300 ಬಂದರೆ ಬೇರೆ ಬೇರೆ ಸಿಲಿಂಡರುಗಳಲ್ಲಿ ಮಿಸ್ಸಿಂಗ್ ಇದೆ ಎಂದು ಅರ್ಥ. ಪಿ0301ರಿಂದ ಪಿ0304ರವರೆಗಿನ ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ. ಮಾಮುವಿನ ಗಾಡಿಯಲ್ಲಿ ಪಿ0303 ಬಂತು. ಆದರೆ ಈ ಕೋಡ್ ಯಾವ ಸಿಲಿಂಡರ್ ಎಂದು ಹೇಳುತ್ತದೆಯೇ ಹೊರತು ಯಾವ ಸಾಮಾನು ಎಂದು ಹೇಳುವುದಿಲ್ಲ. ಕಾಯಿಲ್, ಪ್ಲಗ್, ಇಂಜೆಕ್ಟರ್, ವೈರಿಂಗ್, ಕಂಪ್ರೆಷನ್ ಯಾವುದಾದರೂ ಕಾರಣವಾಗಿರಬಹುದು.

ಆಗ ಉಸ್ತಾದರು ಮೂರನೆಯ ಮತ್ತು ಎರಡನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಅದಲು ಬದಲು ಮಾಡಿದರು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಪ್ಲಗ್ಗನ್ನೂ ಜೊತೆಗೇ ಬದಲಿಸಬಾರದೇ ಎಂದು ನಾನು ಕೇಳಿದೆ. ‘ಎರಡು ಸಾಮಾನ ಒಮ್ಮೆಗೇ ಬದಲಿ ಮಾಡಿದ್ರ ಯಾವ್ದು ಕೆಟ್ಟಿತ್ತಂತ ಹ್ಯಾಂಗ ಗೊತ್ತಾಗ್ತದ ಬೇಟಾ?’ ಎಂದರು. ನಮ್ಮ ಪ್ರಯೋಗಾಲಯದ ನಿಯಮವೂ ಇದೇ ಅಲ್ಲವೇ? ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಉಳಿದದ್ದು ಇದ್ದ ಹಾಗೇ ಇರಬೇಕು.

ಕೋಡ್ ಅಳಿಸಿ, ಲೋಡ್ ಇಟ್ಟುಕೊಂಡೇ ಹುಮನಾಬಾದ್ ರಸ್ತೆಯಲ್ಲಿ ಗಾಡಿ ಓಡಿಸಿದರು. ಎಂಜಿನ್ ಬಿಸಿಯಾದ ಮೇಲೆ ಜರ್ಕ್ ಬಂತು. ಈಗ ಕೋಡ್ ಪಿ0302. ಕಾಯಿಲ್ ಹೋದ ಕಡೆಗೇ ದೋಷವೂ ಹೋಯಿತು. ಕೆಟ್ಟದ್ದು ಆ ಒಂದು ಕಾಯಿಲ್ ಎಂದು ಖಚಿತವಾಯಿತು. ಕೋಡ್ ಮೂರರಲ್ಲೇ ಉಳಿದಿದ್ದರೆ ಮುಂದೆ ಪ್ಲಗ್, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಪರೀಕ್ಷೆ ಮಾಡಬೇಕಿತ್ತು. ಕೆಲವು ಎಂಜಿನ್‌ಗಳಲ್ಲಿ ಎರಡು ಸಿಲಿಂಡರಿಗೆ ಒಂದೇ ಕಾಯಿಲ್ ಇರುತ್ತದೆ. ಅಲ್ಲಿ ಎರಡೂ ಒಟ್ಟಿಗೆ ಮಿಸ್ ಆಗಬಹುದು.

ಕಾಯಿಲ್ ಬದಲಿಸುವುದು

ಎಂಜಿನ್ ತಣ್ಣಗಾಗಬೇಕು. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆಯಬೇಕು, ಇಲ್ಲದಿದ್ದರೆ ಅದು ಪ್ಲಗ್ಗಿನ ಕುಳಿಗೆ ಬೀಳುತ್ತದೆ. ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ, ಬೋಲ್ಟ್ ತೆಗೆದು, ಕಾಯಿಲನ್ನು ಸ್ವಲ್ಪ ತಿರುಗಿಸುತ್ತ ನೇರವಾಗಿ ಮೇಲೆತ್ತಬೇಕು. ವೈರ್ ಹಿಡಿದು ಎಳೆಯಬಾರದು.

ಈಗ ಕುಳಿಯೊಳಗೆ ಟಾರ್ಚ್ ಹಾಕಿ ನೋಡಬೇಕು. ಆಯಿಲ್ ಇದ್ದರೆ ಮೇಲಿನ ಸೀಲ್ ಸೋರುತ್ತಿದೆ, ನೀರಿದ್ದರೆ ವಾಷಿಂಗ್ ಮಾಡಿಸುವಾಗ ಹೋಗಿದೆ. ಅದನ್ನು ಸರಿಪಡಿಸದಿದ್ದರೆ ಹೊಸ ಕಾಯಿಲ್ಲೂ ಹಾಳಾಗುತ್ತದೆ. ಮಾಮುವಿನ ಗಾಡಿಯಲ್ಲಿ ಕುಳಿ ಒಣಗಿತ್ತು. ಆದರೆ ಪ್ಲಗ್ಗುಗಳು ಸವೆದು, ಸಂದಿ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಾಗಿತ್ತು. ಸಂದಿ ದೊಡ್ಡದಾದರೆ ಕಾಯಿಲ್ ಮೇಲೆ ದಿನವೂ ಹೆಚ್ಚು ಭಾರ ಬೀಳುತ್ತದೆ. ಹಾಗಾಗಿ ಪ್ಲಗ್ಗುಗಳ ಒಂದು ಸೆಟ್ ಮತ್ತು ಒಂದೇ ಒಂದು ಕಾಯಿಲ್ ಹೊಸದು ಹಾಕಿದರು. ಇಂಜೆಕ್ಟರುಗಳನ್ನು ಬಿಚ್ಚಲೇ ಇಲ್ಲ.

ಪ್ಲಗ್ಗನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಬೇಕು. ಆರಂಭದಲ್ಲೇ ಪಾನಾ ಹಾಕಿದರೆ ಹೆಡ್ಡಿನ ಥ್ರೆಡ್ ಹಾಳಾಗಬಹುದು. ಕಾಯಿಲ್ ಕೂತ ಮೇಲೆ ಕನೆಕ್ಟರ್ ‘ಟಕ್’ ಎನ್ನುವವರೆಗೆ ಒತ್ತಬೇಕು. ಕೋಡ್ ಅಳಿಸಿ, ಮತ್ತೆ ಲೋಡ್ ಹಾಕಿ ಓಡಿಸಿ ನೋಡಿದರೆ ಮಾತ್ರ ಕೆಲಸ ಮುಗಿದಂತೆ.

ನೆನಪಿಡಬೇಕಾದದ್ದು

ಚೆಕ್ ಎಂಜಿನ್ ಲೈಟ್ ಮಿಟುಕುತ್ತಿದ್ದರೆ ಲೋಡ್ ಎಳೆಯುವುದನ್ನು ನಿಲ್ಲಿಸಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದನ್ನೇ ಸುಟ್ಟುಹಾಕಬಹುದು. ಅದರ ಬೆಲೆಯ ಮುಂದೆ ಕಾಯಿಲ್ ಬೆಲೆ ಏನೂ ಅಲ್ಲ. ಹಾಗೆಯೇ ಪ್ಲಗ್ಗನ್ನು ಹೊರಗೆ ಹಿಡಿದು ಕಿಡಿ ನೋಡುವ ಹಳೆಯ ಅಭ್ಯಾಸ ಬಿಡಿ. ಶಾಕ್ ಹೊಡೆಯಬಹುದು, ಪೆಟ್ರೋಲ್ ಆವಿಗೆ ಬೆಂಕಿ ತಗಲಬಹುದು.

ನಮ್ಮಲ್ಲಿ ಹಲವರ ಮನೆ ನಡೆಯುವುದು ಆಟೊ, ಪಿಕಪ್ ಅಥವಾ ಟ್ಯಾಕ್ಸಿಯಿಂದ. ಮುಂದಿನ ಸಲ ಗಾಡಿ ಗ್ಯಾರೇಜಿಗೆ ಹೋದಾಗ ನೀವೂ ಜೊತೆಗೆ ಹೋಗಿ. ಯಾವ ಕೋಡ್ ಬಂತು ಎಂದು ಕೇಳಿ ಬರೆದುಕೊಳ್ಳಿ. ಅದಲು ಬದಲು ಮಾಡಿ ನೋಡಿದಿರಾ ಎಂದು ಗೌರವದಿಂದಲೇ ವಿಚಾರಿಸಿ. ತೆಗೆದ ಹಳೆಯ ಸಾಮಾನನ್ನು ಮನೆಗೆ ತನ್ನಿ.