ಹೊಗೆಯ ಮೈ

ಸಿಂಧನೂರು ತಾಲೂಕಿನ ಗೊರೇಬಾಳದ ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ಬೆನ್ನಿಗೇ ಆಂಧ್ರದ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು. ಅವರ ‘ಚುಟ್ಟ’, ನಮ್ಮ ‘ಚುರುಟು’, ತಮಿಳಿನ ‘ಸುರುಟ್ಟು’ ಇವೆಲ್ಲಕ್ಕೂ ಸುತ್ತಿದ್ದು ಎಂಬುದೇ ಅರ್ಥ. ಇಂಗ್ಲಿಷಿನ ‘ಚೆರೂಟ್’ ಹುಟ್ಟಿದ್ದೂ ಈ ತಮಿಳು ಮಾತಿನಿಂದಲೇ. ವಸ್ತುವಾದರೋ ಹೊರಗಿನದು. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ವಿಜಾಪುರದಲ್ಲಿ ಹೊಗೆಸೊಪ್ಪನ್ನು ಕಂಡು, ಚೆಲುವಾದೊಂದು ಕೊಳವೆಯೊಡನೆ ಅದನ್ನು ಬಾದಶಹನಿಗೆ ಒಯ್ದನು. ನಮ್ಮ ರಾಯಚೂರು ದೋಆಬ ಆಗ ಆ ವಿಜಾಪುರಕ್ಕೇ ಸೇರಿತ್ತು. ಅಕ್ಬರನು ಸೇದಿ ನೋಡಿದನು, ಹಕೀಮನು ಬೇಡವೆಂದನು.

ಉತ್ತಮ ಚುರುಟನ್ನು ಬಲ್ಲವರು ಪರೀಕ್ಷಿಸುವ ಕ್ರಮವೊಂದುಂಟು. ಮೊದಲು ಬೆರಳಿನಿಂದ ಒತ್ತಿ, ಗಂಟಾಗಲಿ ಪೊಳ್ಳಾಗಲಿ ಇದೆಯೇ ಎಂದು ನೋಡುತ್ತಾರೆ. ತುದಿ ಕತ್ತರಿಸಿ, ಹೊತ್ತಿಸುವ ಮುನ್ನವೇ ಒಮ್ಮೆ ಎಳೆದು, ಗಾಳಿ ಸರಾಗವಾಗಿ ಬರುವುದೇ ಎಂದು ತಿಳಿಯುತ್ತಾರೆ. ಅನಂತರ ನಿಮಿಷಕ್ಕೊಂದರಂತೆ ಸೇದುತ್ತಾರೆ. ಅವಸರ ಮಾಡಿದರೆ ಎಲೆ ಕಾದು ಕಹಿಯಾಗುತ್ತದೆ. ಹೊಗೆಯನ್ನು ಬಾಯಲ್ಲೇ ಆಡಿಸಿ ಬಿಡುತ್ತಾರೆ. ಮೂರು ಪಾಲು ಮಾಡಿ, ಪ್ರತಿ ಪಾಲಿನಲ್ಲಿ ರುಚಿ ಹೇಗೆ ಬದಲಾಯಿತೆಂದು ಗಮನಿಸುತ್ತಾರೆ.

ಇಲ್ಲಿ ಮೂರು ಗುಣಗಳನ್ನು ಬೇರ್ಪಡಿಸಬೇಕು. ‘ಮೈ’ ಎಂದರೆ ಹೊಗೆಯು ಬಾಯಿ ತುಂಬುವ ಗಟ್ಟಿತನ; ‘ಘಾಟು’ ಎಂದರೆ ನಿಕೋಟಿನ್ನಿನ ಬಲ; ‘ಕಂಪು’ ಮೂಗಿಗೆ ಸಂದದ್ದು. ಮೈತುಂಬಿದ ಚುರುಟೆಲ್ಲ ಘಾಟಿನದೇ ಆಗಬೇಕೆಂದಿಲ್ಲ. ಗಿಡದ ನೆತ್ತಿಯ ಎಲೆಗಳು ಹೆಚ್ಚು ಬಿಸಿಲುಂಡು ದಪ್ಪವಾಗಿ, ಬಲವಾಗಿ, ನಿಧಾನವಾಗಿ ಉರಿಯುತ್ತವೆ; ಆದ್ದರಿಂದ ಅವನ್ನು ಒಳತಿರುಳಿನಲ್ಲಿಟ್ಟು ಸುತ್ತುತ್ತಾರೆ. ಎಲೆಗಳನ್ನು ರಾಶಿ ಹಾಕಿ ಹದವಾಗಿ ಹುದುಗಿಸಿದರೆ ಅಮೋನಿಯದ ಕಮಟು ಇಳಿಯುತ್ತದೆ. ಮುಗ್ಗಲಿಲ್ಲದ ಕಂಪಿನ ಹಿಂದೆ ಇರುವುದು ಈ ತಾಳ್ಮೆ.

ಆದರೆ ನಾಲಗೆಯ ತೀರ್ಪೇ ಕಡೆಯ ತೀರ್ಪಲ್ಲ. ಒಳಗೆಳೆಯದಿದ್ದರೆ ಅಪಾಯವಿಲ್ಲವೆಂಬ ನಂಬಿಕೆ ಸುಳ್ಳು. ಚುರುಟಿನ ಹೊಗೆ ಕ್ಷಾರಗುಣದ್ದಾದ್ದರಿಂದ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲುಗಳ ಕ್ಯಾನ್ಸರಿಗೆ ಅದು ಕಾರಣವೂ ಹೌದು. ಬೆಲೆ ಏರಿದರೆ ಸುತ್ತಿದ ಕೈಯ ಕುಶಲತೆ ಏರೀತು, ವಿಷ ಇಳಿಯದು. ಸಹೃದಯನಾದವನು ಗುಣವನ್ನು ಗುರುತಿಸಿದಂತೆ ದೋಷವನ್ನೂ ಗುರುತಿಸಬೇಕು. ಒಂದನ್ನು ಬಲ್ಲೆನೆಂಬುದು ಇನ್ನೊಂದಕ್ಕೆ ಕಣ್ಣು ಮುಚ್ಚಲು ನೆಪವಾಗಬಾರದು. ಅಸದ್ ಬೇಗನಿಗೆ ಎಲೆಯ ಸೊಗಸು ಕಂಡಿತು, ಹಕೀಮನಿಗೆ ಅದರ ಕೇಡು ಕಂಡಿತು. ಚುರುಟಿನ ಬೆಲೆಗಟ್ಟುವವರಿಗೆ ಈ ಇಬ್ಬರ ಕಣ್ಣೂ ಬೇಕು.