ದೆವ್ವವಿಲ್ಲದ ಹೆದರಿಕೆ

ಮಹಾಪೆಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಶುಕ್ರವಾರ ಹಾರರ್ ಸಿನಿಮಾಗಳ ಮಾತು ಬಂತು. ಮರಾಠಿ ಗೆಳೆಯರೊಬ್ಬರು ‘ರೋಸ್‌ಮೆರೀಸ್ ಬೇಬಿ’ಯನ್ನು ಹೊಗಳಿದರು. ಐರಾ ಲೆವಿನ್ 1967ರಲ್ಲಿ ಬರೆದ ಕಾದಂಬರಿ. ಮರುವರ್ಷವೇ ಪೊಲಾನ್ಸ್ಕಿ ತೆರೆಗೆ ತಂದರು. ಬಸುರಿಯೊಬ್ಬಳು ‘ಏನೋ ಸರಿಯಿಲ್ಲ’ ಎಂದರೆ ಗಂಡನೂ ನಂಬುವುದಿಲ್ಲ, ಡಾಕ್ಟರೂ ನಂಬುವುದಿಲ್ಲ. ‘ನಿಮ್ಮ ಕನ್ನಡದಲ್ಲಿ ಇಂಥದ್ದಿದೆಯಾ?’ ಎಂದು ಕೇಳಿದರು. ‘ನಾ ನಿನ್ನ ಬಿಡಲಾರೆ’ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದು ಮಾತ್ರ ‘ಶರಪಂಜರ’.

ಅದೆಲ್ಲಿಯ ಹಾರರ್ ಎಂದು ನೀವು ಕೇಳಬಹುದು. ಪುಟ್ಟಣ್ಣ ಕಣಗಾಲರ 1971ರ ಆ ಚಿತ್ರದಲ್ಲಿ ದೆವ್ವವಿಲ್ಲ, ಪಾಳುಬಂಗಲೆಯಿಲ್ಲ. ಕಾದಂಬರಿ ಬರೆದ ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಬಾಣಂತನದಲ್ಲಿ ಮನಸ್ಸು ಕದಡಿದ ಕಾವೇರಿಗೆ ಗಾಳಿ ಮೆಟ್ಟಿತು ಎನ್ನದೆ, ಕಾಯಿಲೆಯನ್ನು ಕಾಯಿಲೆಯಾಗಿಯೇ ಕಂಡರು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಹಾಡುಗಳು ಮನೆಮನೆಗೂ ಹೋದವು. ನಾನೂ ಮೊದಲು ಹಾಡಿಗಾಗಿಯೇ ನೋಡಿದವನು.

ಈ ಮಳೆಗಾಲ ಡೊಂಬಿವಲಿಯ ಮನೆಯಲ್ಲಿ ಮತ್ತೆ ನೋಡಿದೆ. ಆಸ್ಪತ್ರೆಯ ದೃಶ್ಯಗಳು ಹೆದರಿಸಲಿಲ್ಲ. ಹೆದರಿಕೆ ಹುಟ್ಟಿದ್ದು ಅವಳು ವಾಸಿಯಾಗಿ ಮನೆಗೆ ಬಂದ ಮೇಲೆ. ನಕ್ಕರೆ ಅನುಮಾನ, ಸಿಟ್ಟಾದರೆ ಇನ್ನೂ ಅನುಮಾನ. ಊರಿನವರಿಗೆ ಅವಳು ಹುಚ್ಚಿಯೇ. ಗಂಡ ಆಗಲೇ ಇನ್ನೊಬ್ಬಳತ್ತ ವಾಲಿದ್ದಾನೆ. ಗುಣವಾದವಳನ್ನು ಎಲ್ಲರೂ ಸೇರಿ ಮತ್ತೆ ಆ ಬಾಗಿಲಿಗೇ ತಂದು ಬಿಡುತ್ತಾರೆ. ಕಲ್ಪನಾ ಕಣ್ಣಿನಲ್ಲಿ ಅದು ಗೊತ್ತಾಗುತ್ತಾ ಹೋಗುವಾಗ ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಕಾರಣವಿತ್ತು. ನನ್ನ ಟೀಮಿನ ಹುಡುಗನೊಬ್ಬ ಡಿಪ್ರೆಶನ್ನಿಗೆ ಔಷಧಿ ತೆಗೆದುಕೊಂಡು, ಎರಡು ತಿಂಗಳ ರಜೆ ಮುಗಿಸಿ ಬಂದಿದ್ದ. ಡಾಕ್ಟರು ಫಿಟ್ ಎಂದು ಬರೆದುಕೊಟ್ಟಿದ್ದರು. ನಾನು ಅವನ ಹತ್ತಿರ ದನಿ ತಗ್ಗಿಸಿ ಮಾತಾಡುತ್ತಿದ್ದೆ. ‘ಟೆನ್ಶನ್ ಬೇಡ’ ಎನ್ನುತ್ತಾ ಅವನೇ ಕಟ್ಟಿದ್ದ ಪ್ರಾಜೆಕ್ಟಿನ ರಿಲೀಸ್ ಕೆಲಸ ಬೇರೆಯವರಿಗೆ ವಹಿಸಿದೆ. ಮೀಟಿಂಗಿನಲ್ಲಿ ಅವನು ಸ್ವಲ್ಪ ಜೋರಾಗಿ ಮಾತಾಡಿದರೆ ನಾವೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಇದನ್ನೆಲ್ಲ ಕಾಳಜಿ ಅಂದುಕೊಂಡಿದ್ದೆ.

ಸೋಮವಾರ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತಿತ್ತು. ಅಲ್ಲಿಂದಲೇ ಫೋನ್ ಮಾಡಿ, ಮುಂದಿನ ರಿಲೀಸ್ ನೀನೇ ನೋಡಿಕೋ ಅಂದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

‘ಅಚಾನಕ್ ಕ್ಯೂಂ, ಸರ್?’ ಅಂದ.

ಕಪ್ಪುಬಿಳುಪಿನ ಕಾಲದ ನಟಿಯೊಬ್ಬಳ ಹೆಸರು ಹೇಳಿದರೆ ಅವನಿಗೆ ಏನು ತಿಳಿದೀತು? ಆಫೀಸಿಗೆ ಬಂದು ಹೇಳ್ತೀನಿ ಅಂದೆ. ಇನ್ನೂ ಹೇಳಿಲ್ಲ.